ಒಂಬತ್ತನೇ ತರಗತಿಗೆ ಹವಾಮಾನ ಬದಲಾವಣೆ ಕಲಿಸುತ್ತಿದ್ದೇನೆ, ಒಂದು ಪ್ರಶ್ನೆಗೆ ಉತ್ತರ ಕೊಡಲಾಗಿಲ್ಲ

ವಿಜ್ಞಾನ ಮೇಷ್ಟ್ರು, ಬಸವನಬಾಗೇವಾಡಿ ಕಡೆ

ಎಲ್ಲರಿಗೂ ನಮಸ್ಕಾರ. ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ಸೋಮವಾರ ಒಂಬತ್ತನೇ ತರಗತಿಯಲ್ಲಿ ಹವಾಮಾನ ಬದಲಾವಣೆ ಬಗ್ಗೆ ಮಾತಾಡುತ್ತಿದ್ದೆ. ಕಲ್ಲಿದ್ದಲು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅದು ಭೂಮಿಯ ಶಾಖವನ್ನು ಹಿಡಿದಿಡುತ್ತದೆ ಅಂತ ಬೋರ್ಡ್ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ತಾನಾಗಿ ಎದ್ದು ಪ್ರಶ್ನೆ ಕೇಳುವ ಹುಡುಗಿಯೇ ಅಲ್ಲ ಅವಳು. "ಸರ್, ನಮ್ಮಪ್ಪ ಕೂಡಗಿ ಪ್ಲಾಂಟ್‌ನಾಗ ಕೆಲಸ ಮಾಡ್ತಾರ. ಹಂಗಾದ್ರ ನಮ್ಮಪ್ಪ ಮಾಡೂದು ತಪ್ಪಾ?" ಅಂತ ಕೇಳಿದಳು. ಕೂಡಗಿಯದು ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಸ್ಥಾವರ.

ಗಂಟೆ ಹೊಡೆಯಿತು. ನಾಳೆ ಹೇಳುತ್ತೇನೆ ಅಂದೆ. ಇವತ್ತಿಗೆ ನಾಲ್ಕು ದಿನ ಆಯಿತು, ಇನ್ನೂ ಹೇಳಿಲ್ಲ. ಅವಳು ದಿನಾ ನನ್ನ ಮುಖ ನೋಡುತ್ತಾಳೆ.

ಇದರ ಜೊತೆಗೆ ಇನ್ನೊಂದು ತೊಂದರೆ. ಇಷ್ಟು ವರ್ಷ ನಾವು ಕಲಿಸಿದ್ದು ಏನು ಅಂತ ನೋಡಿದರೆ ಬೇಜಾರಾಗುತ್ತದೆ. ಜೂನ್ 5ಕ್ಕೆ ಸಸಿ ನೆಡುತ್ತೇವೆ, ಪ್ರಬಂಧ ಬರೆಸುತ್ತೇವೆ, ಮಕ್ಕಳು "ಗಿಡ ನೆಡಬೇಕು, ಪ್ಲಾಸ್ಟಿಕ್ ಬಳಸಬಾರದು" ಅಂತ ಬರೆದು ಬಹುಮಾನ ತಗೊಂಡು ಹೋಗುತ್ತಾರೆ. ಭೂಮಿ ಯಾಕೆ ಬಿಸಿಯಾಗುತ್ತಿದೆ ಅಂತ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು "ಓಝೋನ್ ಪದರಕ್ಕೆ ತೂತು ಬಿದ್ದು ಬಿಸಿಲು ಜಾಸ್ತಿ ಬರುತ್ತಿದೆ" ಅನ್ನುತ್ತಾರೆ. ಪ್ರತಿಭಾವಂತ ಮಕ್ಕಳೇ ಹಾಗೆ ಹೇಳುತ್ತಾರೆ. ಇಲ್ಲಿ ಕಲಿಸುವವರು, ರೈತರು, ಎಂಜಿನಿಯರ್‌ಗಳು ಎಲ್ಲರೂ ಇದ್ದೀರಿ. ನೀವು ಹೇಗೆ ಹೇಳುತ್ತೀರಿ, ದಯವಿಟ್ಟು ತಿಳಿಸಿ. ಮುಖ್ಯವಾಗಿ ಆ ಹುಡುಗಿಗೆ ಏನು ಹೇಳಲಿ?

ಭೌತಶಾಸ್ತ್ರ ಎಂ.ಎಸ್ಸಿ., ಬೆಳಗಾವಿ

ಸರ್, ಮೊದಲು ಓಝೋನ್ ಗೊಂದಲ ಬಿಡಿಸಿ. ಅದು ಇರುವವರೆಗೂ ಮುಂದಿನದು ಯಾವುದೂ ತಲೆಗೆ ಹೋಗುವುದಿಲ್ಲ. ಓಝೋನ್ ವಿಷಯ ಬೇರೆ, ಅದು ನೇರಳಾತೀತ ಕಿರಣದ ಕಥೆ, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆ ಪದರ ನಿಧಾನಕ್ಕೆ ಸರಿಯಾಗುತ್ತಿದೆ. ಈಗ ನಮಗೆ ಬೇಕಾದದ್ದು ಬಿಸಿಲು ಒಳಗೆ ಬರುವ ಕಥೆ ಅಲ್ಲ, ಶಾಖ ಹೊರಗೆ ಹೋಗುವ ಕಥೆ.

ಇದಕ್ಕೆ ಗಾಜಿನ ಮನೆ ಅಂತ ಹೇಳಬೇಡಿ. ನಮ್ಮ ಮಕ್ಕಳು ಗಾಜಿನ ಮನೆ ನೋಡಿಲ್ಲ. ಕೌದಿ ತಗೊಳ್ಳಿ. ಎಲ್ಲರ ಮನೆಯಲ್ಲೂ ಅಜ್ಜಿ ಹೊಲಿದ ಕೌದಿ ಇದೆ. ನಾನು ನಮ್ಮೂರಿನ ಶಾಲೆಯಲ್ಲಿ ಒಂದು ಸಲ ಹೀಗೆ ಮಾಡಿದೆ. ಎರಡು ಐಸ್ ಗಡ್ಡೆ ತಂದು, ಒಂದನ್ನು ತಾಟಿನಲ್ಲಿ ಹಾಗೇ ಇಟ್ಟೆ, ಇನ್ನೊಂದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೌದಿಯಲ್ಲಿ ಸುತ್ತಿಟ್ಟೆ. ಯಾವುದು ಮೊದಲು ಕರಗುತ್ತದೆ ಅಂತ ಕೇಳಿದೆ. ಇಡೀ ತರಗತಿ "ಕೌದಿಯೊಳಗಿಂದು" ಅಂತ ಕೂಗಿತು, ಕೌದಿ ಬೆಚ್ಚಗಿರುತ್ತದಲ್ವಾ ಅಂತ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ತಾಟಿನ ಐಸ್ ನೀರಾಗಿತ್ತು, ಕೌದಿಯೊಳಗಿನದು ಇನ್ನೂ ಮುಷ್ಟಿಯಷ್ಟು ಗಟ್ಟಿ ಇತ್ತು. ಆಗ ಒಬ್ಬ ಹುಡುಗ ತಾನೇ ಹೇಳಿದ, "ಕೌದಿ ಬಿಸಿ ಕೊಡೂದಿಲ್ಲ, ಬಿಸಿ ಆ ಕಡೆ ಈ ಕಡೆ ಹೋಗದಂಗ ತಡೀತದ." ಆ ಒಂದು ಮಾತಿಗಾಗಿಯೇ ಇದನ್ನು ಮಾಡಬೇಕು. ರಾತ್ರಿ ಕೌದಿ ಹೊದ್ದಾಗ ಬೆಚ್ಚಗಾಗುವುದು ನಿಮ್ಮದೇ ಮೈಯ ಶಾಖದಿಂದ. ಹಾಗೇ ಭೂಮಿ ಬಿಸಿಲಿಗೆ ಕಾದು ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ನೀರಾವಿ, ಮೀಥೇನ್ ಅದರಲ್ಲಿ ಒಂದಷ್ಟನ್ನು ಹಿಡಿದು ವಾಪಸ್ ಕಳಿಸುತ್ತವೆ. ಕೌದಿ ಬೇಡವೇ ಬೇಡ ಅಂತಲ್ಲ. ಅದಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗೆ ಇರುತ್ತಿತ್ತು. ನಾವು ಮಾಡುತ್ತಿರುವುದು ಕೌದಿಯನ್ನು ದಪ್ಪ ಮಾಡುವ ಕೆಲಸ. ಕಾರ್ಖಾನೆ ಯುಗಕ್ಕೆ ಮೊದಲು ಹತ್ತು ಲಕ್ಷ ಕಣದಲ್ಲಿ 280 ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ.

ಕೌದಿ ಶಾಖ ತಡೆಯುವ ರೀತಿ ಬೇರೆ, ಅನಿಲ ತಡೆಯುವ ರೀತಿ ಬೇರೆ. ಅದನ್ನೂ ಕೊನೆಗೆ ಹೇಳಿಬಿಡಿ. ಹೋಲಿಕೆ ಎಲ್ಲಿ ಮುರಿಯುತ್ತದೆ ಅಂತ ಹೇಳಿದರೆ ಮಕ್ಕಳಿಗೆ ನಮ್ಮ ಮೇಲೆ ನಂಬಿಕೆ ಹೆಚ್ಚುತ್ತದೆ.

ವಿಜ್ಞಾನ ಮೇಷ್ಟ್ರು, ಬಸವನಬಾಗೇವಾಡಿ ಕಡೆ

ಮೇಡಂ, ಐಸ್ ಪ್ರಯೋಗ ತುಂಬಾ ಚೆನ್ನಾಗಿದೆ. ನಾನು ಹೋದ ವರ್ಷ ಬಾಟಲಿ ಪ್ರಯೋಗ ಮಾಡಿದ್ದೆ. ಎರಡು ನೀರಿನ ಬಾಟಲಿ, ಒಂದರಲ್ಲಿ ಅಡುಗೆ ಸೋಡಾ ಮತ್ತು ವಿನೆಗರ್ ಹಾಕಿ ಅನಿಲ ತುಂಬಿಸಿ ಎರಡನ್ನೂ ಬಿಸಿಲಿಗೆ ಇಟ್ಟಿದ್ದೆ. ಒಂದು ದಿನ ಅನಿಲದ ಬಾಟಲಿ ಜಾಸ್ತಿ ಬಿಸಿಯಾಯಿತು, ಮರುದಿನ ಖಾಲಿ ಬಾಟಲಿ ಜಾಸ್ತಿ ಬಿಸಿಯಾಯಿತು. ಮಕ್ಕಳ ಮುಂದೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಭೌತಶಾಸ್ತ್ರ ಎಂ.ಎಸ್ಸಿ., ಬೆಳಗಾವಿ

ಅದು ನಿಮ್ಮ ತಪ್ಪಲ್ಲ ಸರ್. ಆ ಪ್ರಯೋಗವೇ ಅಷ್ಟು ಭರವಸೆಯದ್ದಲ್ಲ. ಅಷ್ಟು ಸಣ್ಣ ಬಾಟಲಿಯಲ್ಲಿ ಅನಿಲದ ತೂಕ, ಒಳಗಿನ ಗಾಳಿಯ ಓಡಾಟ, ಥರ್ಮಾಮೀಟರ್ ಎಲ್ಲಿ ತಾಗಿದೆ ಅನ್ನುವುದೇ ದೊಡ್ಡದಾಗುತ್ತದೆ. ಬಿಸಿ ಏರಿದರೂ ಅದು ನಾವು ಹೇಳುವ ಕಾರಣಕ್ಕೆ ಆಗಿರುವುದಿಲ್ಲ.

ಅದರ ಬದಲು ಇದನ್ನು ಮಾಡಿ. ಮೆಕ್ಯಾನಿಕ್‌ಗಳು ಇಟ್ಟುಕೊಳ್ಳುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಯಾರ ಹತ್ತಿರವಾದರೂ ಕೇಳಿ ತನ್ನಿ. ಕೊರೊನಾ ಕಾಲದ ಹಣೆಗೆ ಹಿಡಿಯುವ ಗನ್ ಆಗುವುದಿಲ್ಲ, ಅದು ಅಷ್ಟು ಕೆಳಗಿನ ಅಂಕಿ ತೋರಿಸುವುದಿಲ್ಲ. ಸಂಜೆ ಮೇಲೆ, ನಿರಭ್ರ ಆಕಾಶಕ್ಕೆ ನೇರ ಹಿಡಿಯಿರಿ. ಅಂಕಿ ಸೊನ್ನೆಗಿಂತ ಕೆಳಗೂ ಹೋಗಬಹುದು. ಆಮೇಲೆ ಒಂದು ಮೋಡಕ್ಕೆ ಹಿಡಿಯಿರಿ, ಅಂಕಿ ಜಿಗಿಯುತ್ತದೆ. ಮೋಡ ನಮ್ಮ ಕಡೆಗೆ ಶಾಖ ಕಳಿಸುತ್ತಿದೆ ಅಂತ ಮಕ್ಕಳು ಕಣ್ಣಾರೆ ನೋಡುತ್ತಾರೆ. ಇದು ತೋರಿಸುವುದು ಮೋಡ ಮತ್ತು ನೀರಾವಿಯ ಕೆಲಸವನ್ನು, ಇಂಗಾಲದ ಡೈಆಕ್ಸೈಡ್ ಬೇರೆ ಅಲೆಯುದ್ದದಲ್ಲಿ ಇದೇ ಕೆಲಸ ಮಾಡುತ್ತದೆ. ವಿಜಯಪುರದವರಿಗೆ ಇದು ಅನುಭವದಿಂದಲೂ ಗೊತ್ತು. ಡಿಸೆಂಬರ್‌ನಲ್ಲಿ ಆಕಾಶ ಸ್ವಚ್ಛ ಇದ್ದ ರಾತ್ರಿ ಮೈ ನಡುಗುತ್ತದೆ, ಮೋಡ ಕವಿದ ರಾತ್ರಿ ಚಳಿ ಕಮ್ಮಿ.

ಇದು ಹೊಸದಾಗಿ ಯಾರೋ ಹುಟ್ಟಿಸಿದ ವಾದವಲ್ಲ ಅಂತಲೂ ಹೇಳಿ. 1856ರಲ್ಲಿ ಯೂನಿಸ್ ಫೂಟ್ ಅನ್ನುವ ಅಮೆರಿಕದ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದದ್ದು ಹೆಚ್ಚು ಕಾಯುತ್ತದೆ ಅಂತ ಬರೆದಿದ್ದರು. ಅವರದ್ದೂ ನಿಮ್ಮ ಬಾಟಲಿಯ ಹಾಗೆ ಅಪೂರ್ಣ ಪ್ರಯೋಗವೇ. ಆದರೆ ಈ ಅನಿಲ ಜಾಸ್ತಿಯಾದರೆ ಭೂಮಿ ಬಿಸಿಯಾಗಬಹುದು ಅಂತ ಮೊದಲು ಊಹಿಸಿದ್ದು ಅವರು. ಮೂರು ವರ್ಷ ಬಿಟ್ಟು ಜಾನ್ ಟಿಂಡಲ್ ಅದನ್ನು ಸರಿಯಾದ ಉಪಕರಣದಲ್ಲಿ ಅಳೆದರು. ನನ್ನ ಅಭಿಪ್ರಾಯದಲ್ಲಿ ಯೂನಿಸ್ ಫೂಟ್ ಹೆಸರು ನಮ್ಮ ಹುಡುಗಿಯರಿಗೆ ಗೊತ್ತಿರಲೇಬೇಕು.

ತಿಕೋಟಾ ದ್ರಾಕ್ಷಿ

ಸರ್, ವಿಜ್ಞಾನ ನನಗೆ ಅಷ್ಟು ಬರುವುದಿಲ್ಲ. ಆದರೆ ಪರಿಣಾಮ ತೋರಿಸಬೇಕಾದರೆ ಹಿಮಕರಡಿ ಚಿತ್ರ ತೋರಿಸಬೇಡಿ. ನಮ್ಮ ತೋಟಕ್ಕೆ ಕರಕೊಂಡು ಬನ್ನಿ.

ನಾವು ಅಕ್ಟೋಬರ್‌ನಲ್ಲಿ ಚಾಟ್ನಿ ಮಾಡುತ್ತೇವೆ, ಅಂದರೆ ಬಳ್ಳಿ ಸವರುತ್ತೇವೆ. ಚಾಟ್ನಿ ಆಗಿ ಚಿಗುರು ಒಡೆದು ಹೂ ಬಿಡುವ ಹೊತ್ತಿಗೆ ಮಳೆ ಬಂದರೆ ಡೌನಿ ರೋಗ ಬರುತ್ತದೆ. ಎಲೆಯ ಅಡಿಗೆ ಬಿಳಿ ಬೂಷ್ಟು ಕಾಣಿಸುತ್ತದೆ, ಎರಡು ದಿನ ಬಿಟ್ಟರೆ ಗೊನೆ ಕೈಯಲ್ಲಿ ಮುಟ್ಟಿದರೆ ಉದುರುತ್ತದೆ. ಮಳೆ ಬಿಟ್ಟ ರಾತ್ರಿಯೇ ಟ್ರ್ಯಾಕ್ಟರ್ ಬ್ಲೋವರ್ ಹಚ್ಚಿ ಔಷಧ ಹೊಡೆಯಬೇಕು, ಕೆಸರಿನಲ್ಲಿ ಚಕ್ರ ಹೂತುಕೊಳ್ಳುತ್ತದೆ. ಇದೆಲ್ಲ ದಾಟಿ ಫೆಬ್ರವರಿ ಮಾರ್ಚ್‌ನಲ್ಲಿ ಹಣ್ಣು ಕಿತ್ತು ಶೆಡ್‌ನಲ್ಲಿ ಒಣಗಲು ಹಾಕುತ್ತೇವೆ. ಆಗ ಅಕಾಲಿಕ ಮಳೆ ಬಂದರೆ ಒಣದ್ರಾಕ್ಷಿ ಕಪ್ಪಾಗುತ್ತದೆ. ಹಸಿರು ಬಣ್ಣ ಹೋದರೆ ದರವೂ ಹೋಯಿತು. ಒಂದೇ ತೋಟದ ಎರಡು ಹಿಡಿ ಒಣದ್ರಾಕ್ಷಿ, ಮಳೆಗೆ ಮೊದಲಿನದು ಮತ್ತು ಮಳೆಗೆ ಸಿಕ್ಕಿದ್ದು, ಮಕ್ಕಳ ಕೈಗೆ ಕೊಡುತ್ತೇನೆ. ತಿಂದು ನೋಡಲಿ. ರುಚಿ ಹೆಚ್ಚುಕಡಿಮೆ ಒಂದೇ, ಬೆಲೆ ಒಂದೇ ಅಲ್ಲ. ಸಾಲ ತೀರುತ್ತದೋ ಇಲ್ಲವೋ ಅನ್ನುವುದು ಆ ಬಣ್ಣದಲ್ಲಿ ಇರುತ್ತದೆ.

ಆದರೆ ಒಂದು ಪ್ರಶ್ನೆ ನನ್ನದೂ ಇದೆ. ಬರ, ಅಕಾಲಿಕ ಮಳೆ ನಮ್ಮ ಜಿಲ್ಲೆಗೆ ಹೊಸದಲ್ಲ. 1876ರ ಬರದ ಬಗ್ಗೆ ನಮ್ಮ ಮುತ್ತಜ್ಜ ಹೇಳಿದ್ದನ್ನು ಅಜ್ಜ ಹೇಳುತ್ತಿದ್ದ. 1972ರ ಬರ ನಮ್ಮ ತಂದೆ ಕಂಡಿದ್ದಾರೆ. ಆಗ ಇಷ್ಟು ಕಾರ್ಖಾನೆ ಎಲ್ಲಿದ್ದವು? ಮಕ್ಕಳು ಹೀಗೆ ಕೇಳಿದರೆ ಏನು ಹೇಳುತ್ತೀರಿ?

ನಿವೃತ್ತ ಶಿಕ್ಷಕಿ, ಗೋಕಾಕ

ತಮ್ಮಾ, ಈ ಪ್ರಶ್ನೆ ಬಹಳ ಒಳ್ಳೆಯದು. ಇದನ್ನು ತರಗತಿಯಲ್ಲಿ ಮಕ್ಕಳೇ ಕೇಳುವ ಹಾಗೆ ಮಾಡಬೇಕು.

ನಾನು 31 ವರ್ಷ ಕಲಿಸಿದೆ. ಹಳೆಯ ಬರ ಸುಳ್ಳಲ್ಲ, ಅದನ್ನು ಮುಚ್ಚಿಡಬಾರದು. ಮುಂಗಾರು ಯಾವಾಗಲೂ ಏರುಪೇರು ಇರುವುದೇ. ಪೆಸಿಫಿಕ್ ಸಮುದ್ರದ ನೀರು ಕಾದು ಎಲ್ ನಿನೋ ಆದ ವರ್ಷಗಳಲ್ಲಿ ಅನೇಕ ಸಲ ನಮ್ಮಲ್ಲಿ ಮಳೆ ಕೈಕೊಟ್ಟಿದೆ. 1877ರಲ್ಲೂ ಎಲ್ ನಿನೋ ಇತ್ತು, 1972ರಲ್ಲೂ ಇತ್ತು, 2023ರಲ್ಲೂ ಇತ್ತು. 2023ರ ಆಗಸ್ಟ್, 1901ರಿಂದ ಲೆಕ್ಕ ಇಟ್ಟ ಮೇಲೆ ದೇಶದ ಅತಿ ಒಣ ಆಗಸ್ಟ್. ಆ ವರ್ಷ ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಹಾಗಾದರೆ ಬದಲಾಗಿದ್ದು ಏನು? ಆ ಏರುಪೇರು ಈಗ ಹೆಚ್ಚು ಬಿಸಿಯಾದ ಭೂಮಿಯ ಮೇಲೆ ನಡೆಯುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಮಳೆ ಇಲ್ಲದಾಗ ಮಣ್ಣಿನಿಂದ ಹೆಚ್ಚು ನೀರು ಎಳೆಯುತ್ತದೆ, ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ. ಬರ ಮತ್ತು ಅತಿವೃಷ್ಟಿ ಎರಡಕ್ಕೂ ಒಂದೇ ಕಾರಣ ಹೇಗೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ, ಅದಕ್ಕೆ ಇದೇ ಉತ್ತರ. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ಒಟ್ಟು ಮಳೆ ಕಡಿಮೆಯಾಗುತ್ತ ಬಂದರೂ ವ್ಯಾಪಕವಾದ ಭಾರಿ ಮಳೆಯ ಘಟನೆಗಳು ಮೂರು ಪಟ್ಟು ಆದವು ಅಂತ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದಾರೆ.

ಇನ್ನು 2019ರ ಆಗಸ್ಟ್ ನೆರೆ. ನಾವು ಗೋಕಾಕದವರು ಅದನ್ನು ಮರೆಯಲು ಸಾಧ್ಯವಿಲ್ಲ, ಘಟಪ್ರಭಾ ಮನೆಯೊಳಗೆ ಬಂದಿತ್ತು. "ಇದು ಹವಾಮಾನ ಬದಲಾವಣೆಯಿಂದಲೇ ಆಯಿತಾ ಟೀಚರ್?" ಅಂತ ಮಕ್ಕಳು ಕೇಳಿದರೆ ಹೌದು ಅಂತ ಒಂದೇ ಮಾತಿನಲ್ಲಿ ಹೇಳಬೇಡಿ. ಘಟ್ಟದಲ್ಲಿ ಸುರಿದ ಮಳೆ, ಅಣೆಕಟ್ಟುಗಳಿಂದ ಬಿಟ್ಟ ನೀರು, ಹೊಳೆಯ ದಂಡೆಯಲ್ಲಿ ನಾವು ಕಟ್ಟಿಕೊಂಡ ಮನೆಗಳು, ಮೂರನ್ನೂ ಸೇರಿಸಿ ಹೇಳಬೇಕು. ಮಹಾಬಳೇಶ್ವರದಲ್ಲಿ ಮಳೆಯಾದರೆ ಜಮಖಂಡಿಯ ಹಳ್ಳಿಗೆ ಹೊಳೆ ಬರುತ್ತದೆ, ಅಲ್ಲಿ ಒಂದು ಹನಿ ಮಳೆ ಬಿದ್ದಿರುವುದಿಲ್ಲ. ಇಷ್ಟು ಬಿಡಿಸಿ ಹೇಳಿದರೆ ಹದಿನಾಲ್ಕರ ಮಕ್ಕಳಿಗೆ ಖಂಡಿತ ಅರ್ಥವಾಗುತ್ತದೆ.

ನಾನು ಮಾಡಿಸುತ್ತಿದ್ದ ಕೆಲಸ ಒಂದಿದೆ. ಮಕ್ಕಳಿಗೆ ಮನೆಯ ಹಿರಿಯರನ್ನು ಕೇಳಿ ಬರಲು ಹೇಳುತ್ತಿದ್ದೆ. ರೋಹಿಣಿಯಿಂದ ಸ್ವಾತಿಯವರೆಗೆ ಯಾವ ಮಳೆ ಹೇಗೆ ಬರುತ್ತಿತ್ತು, ಹಿಂಗಾರಿ ಜೋಳ ಯಾವ ಮಳೆಗೆ ಬಿತ್ತುತ್ತಿದ್ದರು, ಈಗ ಯಾವಾಗ ಬಿತ್ತುತ್ತಾರೆ ಅಂತ. ಆಮೇಲೆ ಆ ನೆನಪನ್ನು ದಾಖಲೆಯ ಜೊತೆ ಹೊಂದಿಸಿ ನೋಡುವುದು. ಒಬ್ಬ ಹುಡುಗ ಅವರ ಅಜ್ಜನ ಲೆಕ್ಕದ ಪುಸ್ತಕ ತಂದಿದ್ದ. ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಪುಸ್ತಕ, ಒಳಗೆ ಕೂಲಿ, ಬೀಜ, ಎತ್ತಿನ ಲೆಕ್ಕದ ನಡುವೆ "ಮಿರಗ ಚೊಲೊ ಬಂತು", "ಆರಿದ್ರಾ ಇಲ್ಲ" ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದರು. ಮಕ್ಕಳು ಅದರ ಮೇಲೆ ಮುಗಿಬಿದ್ದರು. ಅಜ್ಜ ಬಾಯಲ್ಲಿ ಹೇಳಿದ್ದಕ್ಕೂ ಪುಸ್ತಕದಲ್ಲಿ ಬರೆದಿದ್ದಕ್ಕೂ ಕೆಲವು ಕಡೆ ಹೊಂದಿಕೆಯಾಗಲಿಲ್ಲ. ನೆನಪು ಬೇರೆ, ಅಳತೆ ಬೇರೆ ಅನ್ನುವುದು ಅವತ್ತು ಮಕ್ಕಳಿಗೆ ತಿಳಿಯಿತು. ಹವೆ ಮತ್ತು ಹವಾಮಾನದ ವ್ಯತ್ಯಾಸವೂ ಅದೇ. ಇವತ್ತಿನ ಮಳೆ ಹವೆ, ಮೂವತ್ತು ವರ್ಷದ ಲೆಕ್ಕ ಹವಾಮಾನ.

ನವನಗರದ ಅಮ್ಮ

ನಾನು ಟೀಚರ್ ಅಲ್ಲ, ಹತ್ತನೇ ತರಗತಿ ಮಗಳ ತಾಯಿ. ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ಮಗಳು ಯಾವುದೋ ವಿಡಿಯೋ ನೋಡಿ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಭೂಮಿಯ ಬಿಸಿ ಏರಿಕೆ 1.5 ಡಿಗ್ರಿ ದಾಟಿದರೆ ಎಲ್ಲ ಮುಗಿಯಿತು ಅಂತ ಅದರಲ್ಲಿ ಹೇಳಿದ್ದರಂತೆ. 2024ರಲ್ಲಿ ದಾಟಿಯೇ ಬಿಟ್ಟಿದೆಯಂತೆ ಅಮ್ಮಾ, ನಾನು ಓದಿ ಏನು ಮಾಡಲಿ ಅಂತ ಅತ್ತಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಬ್ಬಿಕೊಂಡು ಕೂತೆ ಅಷ್ಟೇ.

ದಯವಿಟ್ಟು ಮಕ್ಕಳನ್ನು ಹೆದರಿಸಬೇಡಿ. ಸುಳ್ಳು ಹೇಳಿ ಅಂತಲ್ಲ. ನಮ್ಮ ಅತ್ತೆ ಮಾವ ಹಳೆ ಬಾಗಲಕೋಟೆಯ ಮನೆ ಬಿಟ್ಟು ಬಂದವರು, ಆಲಮಟ್ಟಿ ಹಿನ್ನೀರಿಗೆ ಊರಿನ ಅರ್ಧ ಹೋಯಿತು. ಕಷ್ಟ ಬಂದಾಗ ಜನ ಹೇಗೆ ಎದ್ದು ನಿಲ್ಲುತ್ತಾರೆ ಅಂತ ಈ ಊರಿನ ಮಕ್ಕಳಿಗೆ ಗೊತ್ತು. ಮುಂದೆ ಏನು ಮಾಡಬಹುದು ಅನ್ನುವುದನ್ನೂ ಅದೇ ಪಾಠದಲ್ಲಿ ಹೇಳಿ. ಅದನ್ನು ಮುಂದಿನ ವಾರಕ್ಕೆ ಇಡಬೇಡಿ, ಆ ವಾರದೊಳಗೆ ಮಗು ಎಷ್ಟು ಯೋಚಿಸಿಬಿಡುತ್ತದೆ.

ಭೌತಶಾಸ್ತ್ರ ಎಂ.ಎಸ್ಸಿ., ಬೆಳಗಾವಿ

ಅಕ್ಕಾ, ಮಗಳಿಗೆ ಇದನ್ನು ಓದಿ ಹೇಳಿ. 2024 ಕಾರ್ಖಾನೆ ಯುಗಕ್ಕೆ ಮೊದಲಿನದಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚು ಬಿಸಿ ಇತ್ತು ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿದ್ದು ನಿಜ. ಆದರೆ ಅದು ಒಂದು ವರ್ಷದ ಮಾತು. ಭೂಮಿಯ ಬಿಸಿ ಏರಿಕೆಗೆ ಮಿತಿ ಹಾಕಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದದ 1.5 ಅನ್ನುವುದು ಹಲವು ವರ್ಷಗಳ ಸರಾಸರಿ. ಅದಕ್ಕಿಂತ ಮುಖ್ಯ, 1.5 ಅನ್ನುವುದು ಬಾವಿಯ ದಂಡೆ ಅಲ್ಲ, ಒಂದು ಹೆಜ್ಜೆ ಆಚೆ ಇಟ್ಟರೆ ಬಿದ್ದೇಬಿಟ್ಟೆವು ಅನ್ನುವುದಕ್ಕೆ. ಜ್ವರದ ಹಾಗೆ ನೋಡಬೇಕು. 1.6ಕ್ಕಿಂತ 1.5 ಒಳ್ಳೆಯದು, 1.7ಕ್ಕಿಂತ 1.6 ಒಳ್ಳೆಯದು. ಒಂದೊಂದು ಚೂರು ಇಳಿಸಿದರೂ ಅಷ್ಟು ನೋವು ಕಡಿಮೆ. ಅವಳು ಓದಿದ್ದು ಯಾವುದೂ ವ್ಯರ್ಥ ಆಗುವುದಿಲ್ಲ. ಎಂಜಿನಿಯರ್, ನರ್ಸ್, ಕೃಷಿ ಅಧಿಕಾರಿ, ವಕೀಲೆ, ಏನೇ ಆದರೂ ಈ ಕೆಲಸಕ್ಕೆ ಅವಳು ಬೇಕು.

ಸಕ್ಕರೆ ಕಾರ್ಖಾನೆ ಬಾಯ್ಲರ್, ಮುಧೋಳ

ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ಇಪ್ಪತ್ತು ವರ್ಷದಿಂದ ಬಾಯ್ಲರ್ ಮುಂದೆ ಕೆಲಸ ಮಾಡುವವನು, ನನ್ನ ಮಗನೂ ಇದೇ ಕೇಳಿದ್ದಾನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಲೆಕ್ಕ ಮಾಡಿಸಿ. ಒಂಬತ್ತನೇ ತರಗತಿಯಲ್ಲಿ ಪರಮಾಣು ತೂಕ ಇದ್ದೇ ಇದೆ. ಇಂಗಾಲ 12, ಆಮ್ಲಜನಕ 16. ಇಂಗಾಲದ ಡೈಆಕ್ಸೈಡ್ 44. ಅಂದರೆ 12 ಕೆಜಿ ಇಂಗಾಲ ಸುಟ್ಟರೆ 44 ಕೆಜಿ ಅನಿಲ. ನನ್ನ ಮಗ ಒಪ್ಪಲೇ ಇಲ್ಲ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತದೆ, ಸುಟ್ಟರೆ 2.3 ಕೆಜಿ ಅನಿಲ ಹೇಗೆ ಬರುತ್ತದೆ ಅಂತ ವಾದ ಮಾಡಿದ. ಉಳಿದ ತೂಕ ಗಾಳಿಯ ಆಮ್ಲಜನಕದ್ದು ಅಂತ ಕಾಗದದ ಮೇಲೆ ಬಿಡಿಸಿದ ಮೇಲೆ ಸುಮ್ಮನಾದ. ಮರುದಿನ ಬೈಕ್ ಟ್ಯಾಂಕ್ ನೋಡಿ ತಾನೇ ಲೆಕ್ಕ ಹಾಕುತ್ತಿದ್ದ.

ಈಗ ಕೂಡಗಿ. ತಲಾ 800 ಮೆಗಾವ್ಯಾಟ್‌ನ ಮೂರು ಘಟಕ, ಒಟ್ಟು 2400 ಮೆಗಾವ್ಯಾಟ್. ಪೂರ್ತಿ ಓಡಿದರೆ ಗಂಟೆಗೆ 24 ಲಕ್ಷ ಯುನಿಟ್. ಕಲ್ಲಿದ್ದಲಿನ ಒಂದು ಯುನಿಟ್‌ಗೆ 900 ಗ್ರಾಂ ಹತ್ತಿರ ಅನಿಲ ಅಂತ ಹಿಡಿದರೆ ಗಂಟೆಗೆ ಎರಡು ಸಾವಿರ ಟನ್ ದಾಟುತ್ತದೆ. ಇದನ್ನು ಮಕ್ಕಳ ಮುಂದೆ ಮುಚ್ಚಿಡಬಾರದು. ಆದರೆ ಅದೇ ಗಂಟೆಯಲ್ಲಿ ಆ ಕರೆಂಟ್ ಎಲ್ಲಿಗೆ ಹೋಯಿತು ಅಂತಲೂ ಬೋರ್ಡ್ ಮೇಲೆ ಬರೆಸಿ. ಹೊಲದ ಪಂಪ್‌ಸೆಟ್, ಆಸ್ಪತ್ರೆಯ ಆಕ್ಸಿಜನ್ ಯಂತ್ರ, ಇಳಕಲ್ ಸೀರೆಯ ಮಗ್ಗ, ಇವರೇ ಓದುವ ಬಲ್ಬ್. ಅವಳ ಅಪ್ಪ ನಮಗೆಲ್ಲ ಬೇಕಾದ ಕರೆಂಟ್ ಮಾಡುತ್ತಿದ್ದಾರೆ. ಅದನ್ನು ಯಾವುದರಿಂದ ಮಾಡಬೇಕು ಅಂತ ತೀರ್ಮಾನಿಸಿದ್ದು ಅವರಲ್ಲ. ತಪ್ಪು ಯಾರದು ಅಂತ ಹುಡುಕುವ ಬದಲು ತೀರ್ಮಾನ ಯಾರು, ಎಲ್ಲಿ, ಹೇಗೆ ಮಾಡುತ್ತಾರೆ ಅಂತ ಕಲಿಸಿ.

ಇನ್ನೊಂದು ಪಾಠ ಇದೆ, ದೊಡ್ಡವರಿಗೂ ಗೊತ್ತಿರುವುದಿಲ್ಲ. 2025ರಲ್ಲಿ ನಮ್ಮ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಅನಿಲ ಬಿಟ್ಟು ಬೇರೆ ಮೂಲದ್ದಾಯಿತು. 2030ಕ್ಕೆ ಮುಟ್ಟಬೇಕು ಅಂದುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಆಯಿತು. ಸಂತೋಷದ ಸುದ್ದಿ. ಆದರೆ ನಿಜವಾಗಿ ಉತ್ಪಾದನೆಯಾಗುವ ಕರೆಂಟಿನಲ್ಲಿ ಶೇ. 70ರ ಆಸುಪಾಸು ಈಗಲೂ ಕಲ್ಲಿದ್ದಲಿನದೇ. ಯಾಕೆ? ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್, ಕೂಡಗಿಗೆ ಹೆಚ್ಚುಕಡಿಮೆ ಸಮ ಅನ್ನಿಸುತ್ತದೆ. ಆದರೆ ಸೂರ್ಯ ಸಂಜೆ ಆರಕ್ಕೆ ಹೋಗುತ್ತಾನೆ, ಅದೇ ಹೊತ್ತಿಗೆ ಎಲ್ಲರ ಮನೆಯಲ್ಲಿ ಲೈಟ್ ಹತ್ತುತ್ತದೆ. ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡುವುದು ಹೇಗೆ ಅನ್ನುವುದೇ ಈಗಿನ ದೊಡ್ಡ ಕೆಲಸ. ಬ್ಯಾಟರಿ ಒಂದು ದಾರಿ. ಹಗಲು ನೀರನ್ನು ಮೇಲಿನ ಕೆರೆಗೆ ಪಂಪ್ ಮಾಡಿ ರಾತ್ರಿ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು ಇನ್ನೊಂದು. ಟರ್ಬೈನ್, ವಾಲ್ವ್, ಗ್ರಿಡ್ ಗೊತ್ತಿರುವ ಅವಳ ಅಪ್ಪನಂಥವರು ಆ ಕೆಲಸಕ್ಕೂ ಬೇಕು.

ನಮ್ಮ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಮಾಡುತ್ತೇವೆ. ಅದೂ ಇಂಗಾಲವೇ, ಆದರೆ ಹೋದ ವರ್ಷ ಕಬ್ಬು ಗಾಳಿಯಿಂದ ತಗೊಂಡದ್ದು. ಕಲ್ಲಿದ್ದಲಿನದು ಕೋಟ್ಯಂತರ ವರ್ಷ ಮಣ್ಣಿನಡಿ ಇದ್ದದ್ದು. ಆದರೆ ಕಬ್ಬಿಗೆ ನೀರು ಎಷ್ಟು ಬೇಕು ಅನ್ನುವ ಮಾತೂ ಬರಬೇಕು. ಎಲ್ಲದಕ್ಕೂ ಎರಡನೇ ಮಗ್ಗುಲು ಇದೆ.

ಸಮಾಜ ವಿಜ್ಞಾನ ಶಿಕ್ಷಕ, ಇಂಡಿ

ಬಾಯ್ಲರ್ ಅಣ್ಣ ಹೇಳಿದ್ದಕ್ಕೆ ಒಂದು ಜೋಡಿಸುತ್ತೇನೆ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೇ ಕೆಲಸಗಾರರಿಗೆ ನ್ಯಾಯವಾಗುವ ಹಾಗೆ ಬದಲಾವಣೆ ಆಗಬೇಕು, ಒಳ್ಳೆಯ ಉದ್ಯೋಗ ಸೃಷ್ಟಿಯಾಗಬೇಕು ಅನ್ನುವ ಮಾತಿದೆ. ಆ ಹುಡುಗಿ ಕೇಳಿದ್ದನ್ನು ಸುಮಾರು 200 ದೇಶಗಳು ಕೂತು ಯೋಚಿಸಿವೆ ಅಂತ ಹೇಳಿ ಸರ್. ಅವಳ ಪ್ರಶ್ನೆಗೆ ಅಷ್ಟು ತೂಕ ಇದೆ.

ನೀತಿ ಅಂದರೆ ಮಕ್ಕಳಿಗೆ ದೆಹಲಿ, ಜಿನೀವಾ ಅನ್ನಿಸುತ್ತದೆ. ನಾನು ಊರಿಂದ ಶುರು ಮಾಡುತ್ತೇನೆ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ, ಬೆಂಗಳೂರಿನಲ್ಲಿ ಹಾಗಿಲ್ಲ. ಯಾಕೆ? ಬಿಸಿಲು. ಇದೂ ಒಂದು ನೀತಿ, ಹೊಂದಾಣಿಕೆಯ ನೀತಿ. ಹಾಗಾದರೆ ಕಟ್ಟಡ ಕೆಲಸದವರಿಗೆ, ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಈ ಸಮಯ ಬದಲಾವಣೆ ಯಾಕಿಲ್ಲ ಅಂತ ನಮ್ಮ ತರಗತಿಯ ಹುಡುಗನೇ ಕೇಳಿದ. ಅವನ ಅವ್ವ ಕೂಲಿಗೆ ಹೋಗುತ್ತಾರೆ. ನಾನು ಆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಸಿ ಮಕ್ಕಳ ಗ್ರಾಮಸಭೆಯಲ್ಲಿ ಕೇಳಿಸಿದೆ. ಕೂಡಲೇ ಏನೂ ಆಗಲಿಲ್ಲ. ಆದರೆ ಪಂಚಾಯಿತಿಯ ನಡಾವಳಿ ಪುಸ್ತಕದಲ್ಲಿ ಅದು ಬರೆಯಲ್ಪಟ್ಟಿತು, ಅವನು ಹೋಗಿ ಓದಿ ಬಂದ.

ಜಗತ್ತಿನ ಲೆಕ್ಕವನ್ನೂ ಹೇಳಲೇಬೇಕು. ನಮ್ಮಲ್ಲಿ ತಲಾ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದಲ್ಲಿ ಸುಮಾರು 14. ಇಲ್ಲಿಯವರೆಗೆ ಗಾಳಿಗೆ ಸೇರಿದ್ದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಮೆರಿಕ ಒಂದರದ್ದೇ. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್ ಹವಾಮಾನ ಸಭೆಯಲ್ಲಿ, ಹವಾಮಾನ ಬದಲಾವಣೆಯಿಂದ ಬಡ ದೇಶಗಳಿಗಾಗುವ ನಷ್ಟಕ್ಕೆ ನಿಧಿ ಬೇಕು ಅಂತ ಒಪ್ಪಿದ್ದು ಇದೇ ಕಾರಣಕ್ಕೆ. ಹಾಗಂತ ನಮ್ಮದು ಏನೂ ಇಲ್ಲ ಅಂತಲ್ಲ. ಒಟ್ಟು ಲೆಕ್ಕದಲ್ಲಿ ಈಗ ಚೀನಾ, ಅಮೆರಿಕ ಬಿಟ್ಟರೆ ಭಾರತವೇ. 2070ಕ್ಕೆ ನಿವ್ವಳ ಸೊನ್ನೆ (ಗಾಳಿಗೆ ಬಿಡುವಷ್ಟನ್ನೇ ವಾಪಸ್ ತೆಗೆಯುವ ಸ್ಥಿತಿ) ಮುಟ್ಟುತ್ತೇವೆ ಅಂತ 2021ರಲ್ಲಿ ನಮ್ಮ ದೇಶ ಹೇಳಿದೆ. ನಿಮ್ಮ ಮಕ್ಕಳಿಗೆ ಆಗ ಅರವತ್ತರ ಹತ್ತಿರ ವಯಸ್ಸು. ಆ ಲೆಕ್ಕ ಅವರೇ ಹಾಕಲಿ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತರಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಗಳ ಹಕ್ಕು ಅಂತ ಹೇಳಿದೆ. ಪೌರನೀತಿ ಪಾಠದಲ್ಲಿ ಇದನ್ನು ಹೇಳಿದಾಗ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ.

ತಿಕೋಟಾ ದ್ರಾಕ್ಷಿ

ಅಕ್ಕಾವರು ಹೇಳಿದ ಬರದ ಉತ್ತರ ಮನಸ್ಸಿಗೆ ಬಂತು. ಆದರೆ ಇದು ಸೂರ್ಯನ ಶಾಖವೇ ಹೆಚ್ಚಾಗಿ ಆಗುತ್ತಿಲ್ಲ ಅಂತ ಹೇಗೆ ಗೊತ್ತು? ಗಾಳಿಯಲ್ಲಿ ಶೇ. 0.04 ಅಷ್ಟೇ ಇರುವ ಅನಿಲ ಇಷ್ಟು ಮಾಡುತ್ತದಾ?

ಭೌತಶಾಸ್ತ್ರ ಎಂ.ಎಸ್ಸಿ., ಬೆಳಗಾವಿ

ಅಣ್ಣಾ, ಸೂರ್ಯನಿಂದ ಆಗಿದ್ದರೆ ಗಾಳಿಯ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅಳೆದು ನೋಡಿದರೆ ಕೆಳಗೆ ಬಿಸಿಯಾಗಿದೆ, ಮೇಲಿನ ವಾಯುಮಂಡಲ ತಣ್ಣಗಾಗಿದೆ. ಕೌದಿ ದಪ್ಪಗಾದರೆ ಒಳಗೆ ಬಿಸಿ, ಹೊರಗೆ ತಂಪು. 0.04ಕ್ಕೆ ಒಂದು ಬಕೆಟ್ ನೀರು, ಬಿಳಿ ಬಟ್ಟೆಗೆ ಹಾಕುವ ನೀಲಿ ತಗೊಳ್ಳಿ. ನಾಲ್ಕು ಹನಿ ಹಾಕಿದರೆ ಇಡೀ ಬಕೆಟ್ ಬಣ್ಣ ತಿರುಗುತ್ತದೆ, ಯಾಕೆಂದರೆ ನೀರು ಬೆಳಕನ್ನು ತಡೆಯುವುದಿಲ್ಲ, ನೀಲಿ ತಡೆಯುತ್ತದೆ. ಗಾಳಿಯ ನೈಟ್ರೋಜನ್, ಆಮ್ಲಜನಕ ಶಾಖದ ಕಿರಣವನ್ನು ತಡೆಯುವುದಿಲ್ಲ. ತಡೆಯುವುದು ಆ ಚೂರೇ.

ವಿಜ್ಞಾನ ಮೇಷ್ಟ್ರು, ಬಸವನಬಾಗೇವಾಡಿ ಕಡೆ

ಎಲ್ಲರಿಗೂ ಕೃತಜ್ಞತೆ. ಇವತ್ತು ತರಗತಿಯಲ್ಲಿ ಮೊದಲು ಆ ಹುಡುಗಿಯ ಪ್ರಶ್ನೆಯನ್ನೇ ತಗೊಂಡೆ. ನಾಲ್ಕು ದಿನ ತಡ ಮಾಡಿದ್ದಕ್ಕೆ ಎಲ್ಲರ ಮುಂದೆ ಕ್ಷಮೆ ಕೇಳಿದೆ. 12 ಮತ್ತು 44ರ ಲೆಕ್ಕ ಮಾಡಿಸಿದೆ. ಗಂಟೆಗೆ ಎರಡು ಸಾವಿರ ಟನ್ ಅಂತ ಉತ್ತರ ಬಂದಾಗ ಅವಳು ತಲೆ ತಗ್ಗಿಸಿದಳು, ನನಗೆ ಎದೆ ಧಸಕ್ಕೆಂದಿತು. ಆಮೇಲೆ ಆ ಕರೆಂಟ್ ಎಲ್ಲಿಗೆ ಹೋಗುತ್ತದೆ ಅಂತ ಒಬ್ಬೊಬ್ಬರಿಂದ ಹೇಳಿಸಿದೆ. ಬೋರ್ಡ್ ತುಂಬಿತು. ಹಿಟ್ಟಿನ ಗಿರಣಿ, ಬೋರ್‌ವೆಲ್, ಗುಡಿಯ ಮೈಕ್, ಅಕ್ಕನ ಹೊಲಿಗೆ ಮಷೀನ್. ಕೊನೆಗೆ ಅವಳೇ ಎದ್ದು "ನಮ್ಮ ಸಾಲಿ ಫ್ಯಾನ್" ಅಂದಳು. ತಪ್ಪು ನಿಮ್ಮಪ್ಪನದಲ್ಲಮ್ಮ, ಇಲ್ಲಿ ಬರೆದವರೆಲ್ಲರಿಗೂ ಆ ಕರೆಂಟ್ ಬೇಕು, ಅದನ್ನು ಬೇರೆ ರೀತಿಯಲ್ಲಿ ಮಾಡುವುದು ಹೇಗೆ ಅಂತ ಕಂಡುಹಿಡಿಯುವ ಕೆಲಸ ಬಾಕಿ ಇದೆ ಅಂದೆ. ಪ್ಯಾರಿಸ್ ಪೀಠಿಕೆಯ ಮಾತೂ ಹೇಳಿದೆ. ಅವಳು ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಅಪ್ಪನಿಗೆ ತೋರಿಸುತ್ತೇನೆ ಅಂದಳು.

ಸಂಜೆ ಅವಳ ಅಪ್ಪ ಫೋನ್ ಮಾಡಿದ್ದರು. ರಜೆ ಇರುವ ಶನಿವಾರ ಬಂದು ಟರ್ಬೈನ್ ಹೇಗೆ ತಿರುಗುತ್ತದೆ ಅಂತ ಮಕ್ಕಳಿಗೆ ಹೇಳಲಾ ಅಂತ ಕೇಳಿದರು. ಖಂಡಿತ ಬನ್ನಿ ಅಂದೆ. ಅವತ್ತೇ ಕೌದಿ, ಐಸ್ ಕೂಡ ಮಾಡುತ್ತೇವೆ. ತಿಕೋಟಾ ಅಣ್ಣ, ಒಣದ್ರಾಕ್ಷಿ ಕಳಿಸುತ್ತೀರಾ? ಶಾಲೆಯಲ್ಲೇ ಮಳೆ ಅಳೆಯಲು ಒಂದು ಮಳೆಮಾಪಕ ಮಾಡಬೇಕು ಅಂದುಕೊಂಡಿದ್ದೇನೆ, ಅದು ಮಾತ್ರ ಇನ್ನೂ ಆಗಿಲ್ಲ. ನೆಟ್ಟಗಿರುವ ಬಾಟಲಿ ಕತ್ತರಿಸಿ ಸ್ಕೇಲ್ ಅಂಟಿಸಿದರೆ ಸಾಕಲ್ವಾ?

ನಿವೃತ್ತ ಶಿಕ್ಷಕಿ, ಗೋಕಾಕ

ಸಾಕು. ಬಾಟಲಿಯ ಬುಡ ಒಳಗೆ ಉಬ್ಬಿರುತ್ತದೆ, ಅಷ್ಟು ಮಟ್ಟಕ್ಕೆ ಮೊದಲೇ ನೀರು ಹಾಕಿ ಅಲ್ಲಿಂದ ಸೊನ್ನೆ ಗುರುತು ಮಾಡಿ. ದಿನಾ ಬೆಳಿಗ್ಗೆ ಎಂಟೂವರೆಗೇ ನೋಡಿ ಬರೆಯಲಿ, ಹವಾಮಾನ ಇಲಾಖೆ ಲೆಕ್ಕ ತಗೊಳ್ಳುವ ಹೊತ್ತು ಅದೇ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಶಾಲೆಯ ಮಾಳಿಗೆ ಅಳೆದು ಗುಣಿಸಲಿ. 200 ಚದರ ಮೀಟರ್ ಮಾಳಿಗೆಯ ಮೇಲೆ 550 ಮಿಲಿಮೀಟರ್ ಬಿದ್ದರೆ ವರ್ಷಕ್ಕೆ 1,10,000 ಲೀಟರ್ ಆಗುತ್ತದೆ. ಅದು ಈಗ ಎಲ್ಲಿಗೆ ಹರಿದು ಹೋಗುತ್ತಿದೆ ಅಂತ ಮಕ್ಕಳೇ ಹೋಗಿ ನೋಡಲಿ.

ಮಾಪಕವನ್ನು ಗಿಡದಿಂದ, ಗೋಡೆಯಿಂದ ದೂರ ಇಡಿ. ಸುತ್ತ ಮುಳ್ಳುಬೇಲಿ ಹಾಕಿಸಿ. ನಮ್ಮ ಶಾಲೆಯಲ್ಲಿ ಎರಡು ಸಲ ಕುರಿ ಬಂದು ಕೆಡವಿದ್ದವು.